ಇಂಚು, ಸೆಂಟು

ಬೆಳಿಗ್ಗೆ ಎಂಟಕ್ಕೆ ಎರಡು ನೀರು ಅಳೆಯುತ್ತೇನೆ.

ಮೊದಲು ನನ್ನದು.
ಎಡ ಕಂಕುಳ ಕೆಳಗಿಂದ ಇಳಿದ ನಳಿಕೆ,
ಕುಪ್ಪಸಕ್ಕೆ ಪಿನ್ನು ಚುಚ್ಚಿ ತೂಗಿದ ಪ್ಲಾಸ್ಟಿಕ್ ಬುರುಡೆ,
ಅದು ರಾತ್ರಿಯಿಡೀ ಹೀರಿಟ್ಟದ್ದು
ಮೆಂತ್ಯ ನೆನೆಸಿದ ನೀರಿನ ಬಣ್ಣ.
ಎಪ್ಪತ್ತು ಎಂ.ಎಲ್.
ಎರಡು ದಿನ ಬಿಡದೆ ಮೂವತ್ತಕ್ಕಿಂತ ಕೆಳಗಿಳಿಯಲಿ,
ಆಮೇಲೆ ತೆಗೆಯೋಣ ಎಂದಿದ್ದಾರೆ ಮೈಸೂರಿನ ಸಿಸ್ಟರ್.

ಆಮೇಲೆ ಆಕಾಶದ್ದು.
ಕಾಫಿ ಒಣಗಿಸುವ ಕಣದ ಆಚೆ
ಯಾವ ಮರದ ನೆರಳೂ ತಾಗದ ಜಾಗದಲ್ಲಿ
ಮಾವ ಹೂತ ಮಳೆಮಾಪಕ.
ಆಲಿಕೆ ಎತ್ತಿ, ಬಾಟಲಿ ತೆಗೆದು
ಬಲಗೈಯಲ್ಲೇ ಕಣ್ಣಿನ ಮಟ್ಟಕ್ಕೆ ಹಿಡಿಯುತ್ತೇನೆ.
ಫೆಬ್ರವರಿಯಲ್ಲಿ ಅಲ್ಲೇನಿರುತ್ತದೆ?
ಒಂದು ಇರುವೆ. ಒಂದು ದಿನ ಸಿಲ್ವರ್ ಓಕಿನ ಎಲೆ.
ಆದರೂ ಬಗ್ಗಿ ನೋಡಬೇಕು,
ನೋಡದೆ ಬರೆದ ಸೊನ್ನೆ ಕಳ್ಳಲೆಕ್ಕ
ಎನ್ನುತ್ತಿದ್ದರು ಮಾವ.

ರಿಜಿಸ್ಟರು ಅರವತ್ತೆರಡರಿಂದ ಇದೆ.
ನನ್ನ ಮದುವೆಯ ದಿನ, ಅವರ ನೀಲಿ ಶಾಯಿಯಲ್ಲಿ, ಹನ್ನೆರಡು ಸೆಂಟು.
ಅವರು ಹೋದ ದಿನ ಮೂರು ಇಂಚು ನಲವತ್ತು;
ಅದು ನನ್ನ ಕೈಬರಹದ ಮೊದಲ ಸಾಲು.
ಆಪರೇಷನ್ನಿನ ಐದು ದಿನ ಮಾತ್ರ ಖಾಲಿ.
ಆ ಐದು ಗೆರೆ ಕಂಡಾಗೆಲ್ಲ ಹೊಟ್ಟೆ ಉರಿಯುತ್ತದೆ,
ಎದೆ ಹೋದದ್ದಕ್ಕಿಂತ ಹೆಚ್ಚು
ಎಂದರೆ ಯಾರು ನಂಬುತ್ತಾರೆ?

ಅಮ್ಮತ್ತಿಯಿಂದ, ಪಾಲಿಬೆಟ್ಟದಿಂದ ಬರುತ್ತಾರೆ,
ಹಾರ್ಲಿಕ್ಸ್ ಡಬ್ಬಿ ಟೀಪಾಯಿಯ ಮೇಲಿಟ್ಟು
ಹೇಗಿದ್ದೀರಿ ಎಂಬಲ್ಲಿ ದನಿ ತಗ್ಗಿಸುತ್ತಾರೆ
ಸಾವಿನ ಮನೆಯ ಬಾಗಿಲಲ್ಲಿ ಚಪ್ಪಲಿ ಕಳಚುವ ಹಾಗೆ.
ತೋಡಿನಾಚೆಯ ಉತ್ತಯ್ಯನವರು ಹಾಗಲ್ಲ.
ಎಂಟೂ ಕಾಲಿಗೆ ಫೋನು:
ಎಷ್ಟು?
ಸೊನ್ನೆ. ನಿಮ್ಮಲ್ಲಿ?
ಇಲ್ಲೂ ಸೊನ್ನೆ. ಠಕ್ಕನೆ ಇಡುತ್ತಾರೆ.
ಇಡೀ ದಿನದಲ್ಲಿ ನನ್ನ ಜೊತೆ ಯಾರಾದರೂ ಆಡುವ
ಸರಿಯಾದ ಮಾತು ಅದೊಂದೇ.

ಒಂದು ಬೆಳಿಗ್ಗೆ ಕಾಲಮ್ಮು ತಪ್ಪಿತು.
ಎಷ್ಟು ಎಂದರು. ನಲವತ್ತೆರಡು ಎಂದೆ.
ನಲವತ್ತೆರಡು ಸೆಂಟಾ! ನನ್ನ ತೋಟಕ್ಕೆ ಹನಿ ಇಲ್ಲ,
ನಿಮ್ಮ ತೋಟಕ್ಕೆ ಮಾತ್ರ ಹೇಗೆ ಬಿತ್ತು
ಎಂದು ಕೂಗಿದ ಕೂಗು ಫೋನಿಲ್ಲದೆಯೂ ಕೇಳುತ್ತಿತ್ತು.
ಅದು ಮಳೆಯಲ್ಲ ಉತ್ತಯ್ಯ, ನಾನು ಎಂದೆ.
ಸ್ವಲ್ಪ ಹೊತ್ತು ಸುಮ್ಮನಿದ್ದು,
ಇಳೀತಾ ಇದೆಯಲ್ಲ, ಹಾಗಾದ್ರೆ ಸರಿ ಎಂದರು.
ಹೊಲಿಗೆ ಎಳೆಯುವಷ್ಟು ನಕ್ಕೆ.

ನನ್ನದು ಇಳಿಯಬೇಕು, ಆಕಾಶದ್ದು ಏರಬೇಕು.
ಹತ್ತು ಸೆಂಟು ಬಿದ್ದು ನಿಂತರೆ ಮೊಗ್ಗು ಕಮರುತ್ತದೆ,
ಬರುವುದಾದರೆ ಪೂರ್ತಿ ಬರಲಿ.
ಮಾರ್ಚ್ ಮೂರು: ಮೂವತ್ತೊಂದು, ಸೊನ್ನೆ.
ಮಾರ್ಚ್ ನಾಲ್ಕು: ಇಪ್ಪತ್ತೆಂಟು, ಸೊನ್ನೆ.
ಮಾರ್ಚ್ ಐದು: ಇಪ್ಪತ್ತಾರು, ಸೊನ್ನೆ. ಬ್ಯಾಗು ತುಂಬಿದೆ.

ಮೈಸೂರಿನಲ್ಲಿ, ಉಸಿರು ಹಿಡೀರಿ ಎಂದು
ಹಾವಿನ ಮರಿ ಎಳೆದ ಹಾಗೆ ಎಳೆದರು.
ರಾತ್ರಿ ಲಾಡ್ಜಿನ ಕಿಟಕಿಯಲ್ಲಿ ಪಶ್ಚಿಮಕ್ಕೆ ಮಿಂಚು.
ನಿದ್ದೆ ಎಲ್ಲಿಂದ?
ಹುಣಸೂರು ದಾಟಿದರೂ ರಸ್ತೆ ಒಣಗಿತ್ತು,
ತಿತಿಮತಿಯಲ್ಲಿ ಮಣ್ಣು ಕಪ್ಪಾಗಿತ್ತು,
ಗೋಣಿಕೊಪ್ಪದಲ್ಲಿ ಇಳಿದಾಗ ಚರಂಡಿ ಹರಿಯುತ್ತಿತ್ತು,
ಎಂಟು ಗಂಟೆ ಕಳೆದು ಎಂಟು ಗಂಟೆಯಾಗಿತ್ತು.

ಗೇಟಿನಲ್ಲಿ ಚೋಮಿ ನಿಂತಿದ್ದಳು,
ಸೆರಗಿನೊಳಗೆ ತೊಳೆದ ರಮ್ಮಿನ ಬಾಟಲಿ, ಬಿರಡೆ ಬಿಗಿದು.
ಅವಳಿಗೆ ಅಂಕಿ ಬರುವುದಿಲ್ಲ.
ಬಿಸಿಲು ಕುಡಿದುಬಿಟ್ರೆ ಅಂತ
ನಿಮ್ಮ ಎಂಟು ಗಂಟೆಗೇ ಬಗ್ಗಿಸಿಟ್ಟೆ ಎಂದಳು,
ಬಗ್ಗಿಸುವಾಗ ಚೆಲ್ಲಿಲ್ಲ ಎಂದು ಎರಡು ಸಲ ಹೇಳಿದಳು.

ದೀಪದ ಕೆಳಗೆ ಅಳೆದೆ.
ಒಂದು ಇಂಚು ಹನ್ನೆರಡು.
ನನ್ನ ಕಾಲಮ್ಮಿಗೆ ಒಂದು ಅಡ್ಡಗೆರೆ.

ಸೋಮವಾರದಿಂದ ಕೀಮೋ, ಆರು ಸಲ,
ಇಪ್ಪತ್ತೊಂದು ದಿನಕ್ಕೊಮ್ಮೆ. ಬೆರಳು ಮಡಚಿದೆ,
ಕೊನೆಯದು ಜೂನ್ ಮುಗಿಯುವಾಗ.
ಆಗ ಬಾಟಲಿ ದಿನಕ್ಕೆ ಎರಡು ಸಲ ಬರಿದು ಮಾಡಬೇಕು,
ಛತ್ರಿ ಹಿಡಿಯಲು ಒಬ್ಬರು ಬೇಕಾಗುತ್ತಾರೆ.
ವಾಂತಿಯ ನಡುವೆಯೂ ಬಗ್ಗಲು ಬರುತ್ತದೆಯೆ, ನೋಡಬೇಕು.

ಫೋನು. ಹೊತ್ತಲ್ಲದ ಹೊತ್ತು.
ತೆಗೆದ್ರಾ?
ತೆಗೆದರು.
ಎಷ್ಟು?
ಒಂದು ಹನ್ನೆರಡು.
ನಮ್ಮಲ್ಲಿ ಒಂದು ಒಂಬತ್ತು, ನಿಮ್ಮದು ಸರಿಯಾಗಿ ನೋಡಿ,
ಕನ್ನಡಕ ಹಾಕಿದ್ದೀರಾ?

ಮೂರು ಸೆಂಟು ಬಿಟ್ಟುಕೊಡುವವಳಲ್ಲ ನಾನು.